ದೊಡ್ಡಮ್ಮನ ಗಡಿಕಲ್ಲು

ನಮ್ಮ ದೊಡ್ಡಮ್ಮ ದೇವರಿಗೆ ಒಪ್ಪಿಸುವ ಕೆಲಸಗಳನ್ನು ನೋಡಿದರೆ, ಅವನು ಒಂದಲ್ಲ ಒಂದು ದಿನ ರಜೆ ಕೇಳಿಕೊಂಡು ಬಂದಾನು ಎಂದು ನನಗೆ ಅನುಮಾನ! ಬೇರೆಯವರು ಅವನಿಗೆ ಮಗಳ ಮದುವೆ, ಮಗನ ನೌಕರಿಯಂಥ ದೊಡ್ಡ ಕೆಲಸಗಳನ್ನು ವಹಿಸುತ್ತಾರೆ. ದೊಡ್ಡಮ್ಮ ಒಲೆಯ ಮೇಲಿನ ಹಾಲನ್ನೂ ವಹಿಸುತ್ತಾಳೆ. ಅಡುಗೆಮನೆಯ ಗೋಡೆಯಲ್ಲಿರುವ ವೆಂಕಟರಮಣನ ಪಟದ ಕಡೆ ತಿರುಗಿ "ವಸಿ ನೋಡ್ಕಳಪ್ಪ" ಎಂದು ಹೇಳಿ, ಉರಿಯುವ ಗ್ಯಾಸನ್ನು ಹಾಗೇ ಬಿಟ್ಟು, ಬೀದಿಗೆ ಸೊಪ್ಪು ಕೊಳ್ಳಲು ಹೋಗುತ್ತಾಳೆ. ಹಾಲು ಉಕ್ಕುತ್ತದೆ. ಉಕ್ಕದೆ ಇನ್ನೇನು ಮಾಡೀತು? ಒಮ್ಮೆ ನಾನು ಇದನ್ನೇ ಹಿಡಿದುಕೊಂಡು ಅವಳ ನಂಬಿಕೆಯ ಮೇಲೆ ಉದ್ದನೆಯ ಭಾಷಣ ಮಾಡಿದೆ. ಎಲ್ಲವನ್ನೂ ಕೇಳಿಸಿಕೊಂಡು, "ಪಾಪ, ಅವನಿಗೆ ಇದೊಂದೇ ಕೆಲ್ಸಾನೇನ್ಲಾ?" ಎಂದಳು. ಆಮೇಲೆ ಒಲೆ ಉಜ್ಜಿದವನು ವೆಂಕಟರಮಣನಲ್ಲ, ನಾನು.

ದೊಡ್ಡಮ್ಮ ಇರುವುದು ರಾಜ್ಯದ ಗಡಿಯಾಚೆ, ತಮಿಳು ಸೀಮೆಯ ಮತ್ತಿಗಿರಿಯಲ್ಲಿ, ನಾನಿರುವುದು ಅಲ್ಲೇ ಹತ್ತಿರದ ಆಲಸನತ್ತಂನಲ್ಲಿ. ಅವಳಿಗೆ ಮಕ್ಕಳಿಲ್ಲ. ದೊಡ್ಡಪ್ಪ ನಾನು ಹುಟ್ಟುವ ಮುಂಚೆಯೇ ಹೊಲದ ಬದುವಿನ ಜಗಳಕ್ಕೆ ಹೋಗಿ, ತಲೆಗೆ ಏಟು ಬಿದ್ದು ತೀರಿಕೊಂಡರು. ಮನೆಯಲ್ಲಿ ಆ ಮಾತನ್ನು ಯಾರೂ ಎತ್ತುವುದಿಲ್ಲ. ಅವಳ ತಂಗಿಯ ಮಗನಾದ ನಾನು ಆಗಾಗ ಹೋಗಿ, ಮುದ್ದೆ ಬಸ್ಸಾರು ಹೊಟ್ಟೆ ತುಂಬ ಉಂಡು, ದೊಡ್ಡಮ್ಮನನ್ನು ನಾನೇ ನೋಡಿಕೊಳ್ಳುತ್ತಿದ್ದೇನೆಂದು ನಾಲ್ಕು ಜನರೆದುರು ಹೇಳಿಕೊಂಡು ಬರುತ್ತೇನೆ. ಯಾರು ಯಾರನ್ನು ನೋಡಿಕೊಳ್ಳುತ್ತಿದ್ದಾರೆ ಎಂದು ನನ್ನ ಹೆಂಡತಿ ಒಂದೆರಡು ಸಲ ಕೇಳಿದ್ದುಂಟು.

ಕಳೆದ ವರ್ಷ ಕಾಲ ಕೆಟ್ಟಿತ್ತು. ನಾನು ಕೆಲಸ ಮಾಡುವ ಕಾರ್ಖಾನೆಯಲ್ಲಿ ಆರ್ಡರ್ ಇಲ್ಲದೆ ಒಂದು ಶಿಫ್ಟ್ ನಿಲ್ಲಿಸಿ, ಜನರನ್ನು ಒಬ್ಬೊಬ್ಬರಾಗಿ ಮನೆಗೆ ಕಳಿಸುತ್ತಿದ್ದರು. ನಾನು ಕ್ವಾಲಿಟಿ ವಿಭಾಗದವನು. ಕೂದಲೆಳೆಯಷ್ಟು ದೋಷವನ್ನೂ ಕಣ್ಣಲ್ಲೇ ಹಿಡಿಯುತ್ತೇನೆಂದು ಹೆಸರು. ಮ್ಯಾನೇಜರ್ ಮುಂದೆ ಮಾತ್ರ ನನ್ನ ಕಣ್ಣು, ಬಾಯಿ ಎರಡೂ ಮುಚ್ಚಿರುತ್ತಿದ್ದವು. ಅಲ್ಲಿ ನುಂಗಿಕೊಂಡ ಸಿಟ್ಟನ್ನು ಎಲ್ಲಾದರೂ ಕಕ್ಕಬೇಕಲ್ಲ? ಸರಿಯಾಗಿ ಆ ಹೊತ್ತಿಗೆ ನನಗೊಂದು ಗಡಿಕಲ್ಲು ಸಿಕ್ಕಿತು.

ದೊಡ್ಡಮ್ಮನ ಹಿತ್ತಿಲ ಪಕ್ಕದ ಸೈಟನ್ನು ಕೆಲಮಂಗಲದ ವ್ಯಾಪಾರಿಯೊಬ್ಬ ಕೊಂಡು ಮನೆ ಕಟ್ಟಿದ್ದ. ನೆಲ ಸಮ ಮಾಡಿಸುವಾಗ ಡೋಜರಿಗೆ ಸಿಕ್ಕಿ ಕಿತ್ತುಬಂದ ಗಡಿಕಲ್ಲು, ಮತ್ತೆ ನೆಟ್ಟಾಗ ದೊಡ್ಡಮ್ಮನ ಹಿತ್ತಿಲೊಳಗೆ ಎರಡು ಹೆಜ್ಜೆ ಬಂದು ಕೂತಿತ್ತು. ಅವಳ ಕರಿಬೇವಿನ ಗಿಡ ಅವನ ಪಾಲಾಗಿತ್ತು. ಕೇಳಿದರೆ ಅದೆಲ್ಲ ಡ್ರೈವರ್ ಮಾಡಿದ್ದು, ತನಗೇನೂ ಗೊತ್ತಿಲ್ಲ ಎಂದ. ಯಾವ ಡೋಜರಾದರೂ ತನ್ನನ್ನು ಬಾಡಿಗೆಗೆ ಕರೆದವನ ನೆಲ ಕಡಿಮೆ ಮಾಡಿದ್ದನ್ನು ನೀವು ನೋಡಿದ್ದೀರಾ?

ತಾಲೂಕು ಕಚೇರಿಗೆ ಅರ್ಜಿ ಕೊಟ್ಟೆ. ಸರ್ವೇಯರ್ ನಾಳೆ ಬರುತ್ತಾರೆ ಎಂದರು. ಆ ನಾಳೆ ಬಹಳ ಉದ್ದವಾಗಿತ್ತು. ದೊಡ್ಡಮ್ಮನದು ಒಂದೇ ಮಾತು: "ಅವನು ನೋಡ್ಕತಾನೆ ಬುಡ್ಲಾ." ಹಾಲನ್ನು ನೋಡಿಕೊಂಡ ಹಾಗೆಯೇ? ನನಗೆ ಮೈಯೆಲ್ಲ ಉರಿಯಿತು. ಒಂದು ಸಂಜೆ ಅವಳ ಎದುರಿಗೇ ಹಾರೆ ಹುಡುಕಿ ತೆಗೆದು ಹಿತ್ತಿಲ ಬಾಗಿಲಿಗೆ ಒರಗಿಸಿದೆ. ಬೆಳಿಗ್ಗೆ ಬಂದು ಕಲ್ಲನ್ನು ಕಿತ್ತು ಹಳೆಯ ಜಾಗಕ್ಕೆ ನೆಡುತ್ತೇನೆ, ವ್ಯಾಪಾರಿ ಅಡ್ಡ ಬಂದರೆ ಅವನನ್ನೂ ಜೊತೆಗೇ ನೆಡುತ್ತೇನೆ ಎಂದು ಕೂಗಾಡಿದೆ. ಆ ವ್ಯಾಪಾರಿ ಒಂದು ಸಲ ಗಟ್ಟಿಯಾಗಿ ಸೀನಿದರೆ ನಾನು ಬಿದ್ದುಹೋಗುವಂತಿದ್ದೆ, ಅದು ಬೇರೆ ಮಾತು. ಅವರೆಕಾಯಿ ಬಿಡಿಸುತ್ತಿದ್ದ ದೊಡ್ಡಮ್ಮ ಕೈ ನಿಲ್ಲಿಸಿ ಹಾರೆಯನ್ನೇ ನೋಡಿದಳು.

ಬೆಳಿಗ್ಗೆ ಹಾರೆಯನ್ನು ಹೆಗಲಿಗೇರಿಸಿ, ಲುಂಗಿ ಎತ್ತಿ ಕಟ್ಟಿ, ವೀರಾವೇಶದಿಂದ ಹಿತ್ತಿಲಿಗಿಳಿದೆ. ಕಲ್ಲು ಇದ್ದಲ್ಲೇ ಇತ್ತು. ಆದರೆ ಮೈತುಂಬ ಅರಿಶಿನ, ನಡುವೆ ಕಾಸಗಲ ಕುಂಕುಮ, ನೆತ್ತಿಗೆ ಕನಕಾಂಬರ, ಬುಡದಲ್ಲಿ ರಂಗೋಲಿ, ಪಕ್ಕದಲ್ಲಿ ಉರಿಯುವ ಊದುಬತ್ತಿ! ನಿನ್ನೆಯ ಗಡಿಕಲ್ಲು ಇವತ್ತು ದೇವರಾಗಿ ನನ್ನನ್ನೇ ನೋಡುತ್ತ ಕೂತಿತ್ತು. ನಾನು ಕ್ಯಾಂಟೀನಿನಲ್ಲಿ ಎಷ್ಟೇ ವಿಚಾರವಾದದ ಮಾತಾಡಲಿ, ಕುಂಕುಮ ಇಟ್ಟ ಕಲ್ಲಿಗೆ ಹಾರೆ ಹಾಕುವ ಗುಂಡಿಗೆ ನನಗಿಲ್ಲ. ಅಷ್ಟರಲ್ಲಿ ವ್ಯಾಪಾರಿ ಹಲ್ಲುಜ್ಜುತ್ತ ಹೊರಗೆ ಬಂದ.

"ಏನ್ ತಂಬಿ, ಬೆಳಿಗ್ಗೇನೇ ಹಾರೆ?"

ದೇವರ ಸುತ್ತ ಕಳೆ ತೆಗೆಯೋಣ ಅಂತ ಬಂದೆ ಎಂದುಬಿಟ್ಟೆ. ಅವನು ಅಲ್ಲೇ ನಿಂತು ನೋಡತೊಡಗಿದ. ಹೇಳಿದ ಮೇಲೆ ತೆಗೆಯಲೇಬೇಕಲ್ಲ! ಅವನು ಒತ್ತಿಕೊಂಡ ನೆಲವನ್ನೆಲ್ಲ ನಾನೇ ಬೆವರು ಸುರಿಸಿ ಅಚ್ಚುಕಟ್ಟು ಮಾಡಿಕೊಟ್ಟು, ಡ್ಯೂಟಿಗೆ ತಡವಾಗಿ ಹೋಗಿ, ಅಲ್ಲೂ ಬೈಸಿಕೊಂಡೆ.

ಸಂಜೆ ದೊಡ್ಡಮ್ಮನ ಮೇಲೆ ಹಾರಾಡಿದೆ. ಕಳ್ಳತನಕ್ಕೆ ಕುಂಕುಮ ಇಟ್ಟು ಗಟ್ಟಿ ಮಾಡಿಬಿಟ್ಟೆಯಲ್ಲ, ಇನ್ನು ಯಾವ ಸರ್ವೇಯರ್ ಬಂದರೇನು ಎಂದೆ. "ದೇವ್ರಾಗ್ಬುಟ್ಟೈತೆ, ಇನ್ನೇನ್ ಮಾಡಕಾಗ್ತದೆ" ಎಂದಳು, ಅದರಲ್ಲಿ ತನ್ನ ಕೈ ಏನೂ ಇಲ್ಲವೆಂಬಂತೆ.

ಆಮೇಲೆ ನಡೆದದ್ದೇ ಸೋಜಿಗ. ವ್ಯಾಪಾರಿಯ ಹೆಂಡತಿ ಶುಕ್ರವಾರ ಆ ಕಡೆಯಿಂದ ಒಂದು ಹೂವಿಟ್ಟಳು. ಮುಂದಿನ ವಾರ ಬೀದಿಯ ಹೆಂಗಸರು ನಿಂಬೆಹಣ್ಣಿನ ದೀಪ ಹಚ್ಚಿದರು. ಕಾಂಪೌಂಡ್ ಕಟ್ಟಲು ಬಂದ ಮೇಸ್ತ್ರಿ ದೂರದಲ್ಲೇ ಚಪ್ಪಲಿ ಬಿಟ್ಟು ಕೈ ಮುಗಿದು, ದೇವರ ಮಗ್ಗುಲಲ್ಲಿ ಪಾಯ ತೋಡುವುದಿಲ್ಲ ಎಂದುಬಿಟ್ಟ. ದೇವರೆಂದ ಮೇಲೆ ಸುತ್ತು ಬರಲು ಜಾಗ ಬಿಡಬೇಕೆಂದು ಹೆಂಡತಿಯ ಹಠ. ಪಾಪ, ವ್ಯಾಪಾರಿ ಹಿಂದೆ ಸರಿದ, ಇನ್ನೂ ಸ್ವಲ್ಪ ಸರಿದ. ಕೊನೆಗೆ ಗೋಡೆ ಎದ್ದು ನಿಂತದ್ದು ಹಳೆಯ ಗಡಿಯ ಮೇಲೆಯೇ! ಹೆಂಡತಿ ಪೂಜೆಗೆ ಬರಲೆಂದು ಅದರಲ್ಲೊಂದು ಸಣ್ಣ ಗೇಟನ್ನೂ ಇಡಿಸಿದ. ಕರಿಬೇವಿನ ಗಿಡ ನಮ್ಮ ಕಡೆಗೆ ಬಂತು. ಸೊಪ್ಪು ಮಾತ್ರ ಇವತ್ತಿಗೂ ಎರಡು ಮನೆಯ ಒಗ್ಗರಣೆಗೆ ಹೋಗುತ್ತದೆ.

ಎಲ್ಲ ಮುಗಿದ ಮೇಲೆ ಸರ್ವೇಯರ್ ಬಂದ. ಅಳೆದು ನೋಡಿ, ಗೋಡೆ ಸರಿಯಾಗಿದೆ, ಕಲ್ಲು ಮಾತ್ರ ತಪ್ಪು ಜಾಗದಲ್ಲಿದೆ, ತೆಗೆಸಲೇ ಎಂದು ತಮಿಳಿನಲ್ಲಿ ಕೇಳಿದ. ಕೂಡದು ಎಂದು ದೊಡ್ಡಮ್ಮ ಕನ್ನಡದಲ್ಲೂ ವ್ಯಾಪಾರಿಯ ಹೆಂಡತಿ ತೆಲುಗಿನಲ್ಲೂ ಒಟ್ಟಿಗೇ ಹೇಳಿದರು. ಅವನು ಟೇಪು ಸುತ್ತಿಕೊಂಡು, ಕಲ್ಲಿಗೊಂದು ನಮಸ್ಕಾರ ಹಾಕಿ ಹೊರಟುಹೋದ.

ಆ ಸಂಜೆ ನನ್ನ ಸಂಭ್ರಮ ನೋಡಬೇಕಿತ್ತು. ಒಂದಿಷ್ಟು ಕಳೆ ಕಿತ್ತದ್ದು ಬಿಟ್ಟರೆ ಬೇರೇನೂ ಮಾಡದ ನಾನು, ದೇವರ ನ್ಯಾಯದ ಬಗ್ಗೆ ದೊಡ್ಡಮ್ಮನಿಗೇ ಉಪದೇಶ ಮಾಡಲು ಕೂತೆ. ನೋಡಿದೆಯಾ, ನೀನು ಕೇಳಿಕೊಂಡದ್ದನ್ನು ಅವನು ಕೊಟ್ಟೇ ಕೊಟ್ಟ ಎಂದೆ.

"ಜಾಗ ಕೊಡ್ಸು ಅಂತ ನಾನ್ಯಾವಾಗ ಕೇಳ್ಕಂಡೆ?"

ಮತ್ತೇನು ಕೇಳಿಕೊಂಡೆ ಎಂದೆ. ಅವಳು ಕರಿಬೇವಿನ ಎಲೆ ಬಿಡಿಸುತ್ತ ಹೇಳಿದಳು.

"ನಿಮ್ ದೊಡ್ಡಪ್ಪನೂ ಇಂಗೇ ಬಾಗ್ಲಿಗೆ ಹಾರೆ ಒರಗ್ಸಿಟ್ಟಿದ್ರು. ಬೆಳಿಗ್ಗೆ ಎತ್ಕಂಡು ಹೋದ್ರು. ನಂಗೇನೂ ತೋಚ್ಲಿಲ್ಲ, ನಿಂತ್ಕಂಡು ನೋಡ್ದೆ. ನಿನ್ ಹಾರೆ ನೋಡ್ದಾಗ, ಇವನನ್ನ ವಾಪಸ್ ಕಳ್ಸಪ್ಪ ಅಂತ ಕೇಳ್ಕಂಡೆ. ಅವನೇ ಅರಿಶಿನದ ಬಟ್ಲು ತೋರ್ಸಿದ. ಜಾಗ ಹೋಗಿದ್ರೆ ಹೋಗ್ತಿತ್ತು."

ಕೂದಲೆಳೆಯಷ್ಟು ದೋಷ ಹಿಡಿಯುವ ಈ ಕಣ್ಣಿಗೆ, ಹಾರೆಯನ್ನೇ ನೋಡುತ್ತ ಕೂತಿದ್ದ ದೊಡ್ಡಮ್ಮನ ಮುಖ ಅವತ್ತು ಕಂಡೇ ಇರಲಿಲ್ಲ. ಆದರೂ ನನ್ನ ಬಾಯಿ ಸುಮ್ಮನಿರಬೇಕಲ್ಲ? ಅವತ್ತು ಅವನು ದೊಡ್ಡಪ್ಪನನ್ನು ನೋಡಿಕೊಳ್ಳಲಿಲ್ಲವಲ್ಲ, ಆದರೂ ಹೇಗೆ ನಂಬುತ್ತೀ ಎಂದು ಕೇಳಿಬಿಟ್ಟೆ.

"ಅವತ್ತು ನಾನು ಅವನಿಗೆ ಹೇಳ್ಲೇ ಇಲ್ಲ ಕಣ್ಲಾ" ಎಂದಳು. "ಅದ್ಕೇ ಈಗ ಒಲೆ ಮ್ಯಾಗಿನ ಹಾಲ್ನೂ ಹೇಳಿಟ್ಟೇ ಹೋಗದು."

ಹಾಗಲ್ಲ ದೊಡ್ಡಮ್ಮ, ಅದು ನಿನ್ನ ತಪ್ಪಲ್ಲ ಎನ್ನಬೇಕೆಂದುಕೊಂಡೆ. ಹೊರಗೆ ಬಂದು ಬೈಕ್ ಹತ್ತಿದೆ. ಮರುದಿನ ಡ್ಯೂಟಿ ಇತ್ತು. ಆ ಕೆಲಸ ಇನ್ನೆಷ್ಟು ದಿನವೆಂದು ಗೊತ್ತಿರಲಿಲ್ಲ. ಅಡುಗೆಮನೆಯಿಂದ ಅವಳ ದನಿ ಕೇಳಿಸಿತು: "ವಸಿ ನೋಡ್ಕಳಪ್ಪ."

ಒಲೆಯ ಮೇಲೆ ಆಗ ಹಾಲಿರಲಿಲ್ಲ.