ವಿರೇಶನ ಹೊಟ್ಟೆಯ ಮೇಲೊಂದು ಪಂಚಾಯಿತಿ

ಎರಡು ದಿನದ ಹೊಟ್ಟೆನೋವಿನ ತಪ್ಪನ್ನೆಲ್ಲ ವಿರೇಶ ಮಿರ್ಚಿಯ ಮೇಲೆ ಹಾಕಿ ಸೋಡಾ ಕುಡಿಯುತ್ತಿದ್ದ. ಮೂರನೇ ದಿನ ಬೆಳಿಗ್ಗೆ ಸಿಂಧನೂರಿನ ಆಸ್ಪತ್ರೆಯಲ್ಲಿ ಸ್ಕ್ಯಾನ್ ನೋಡಿದ ಡಾಕ್ಟರ್ ಶಿವಗಂಗಾ ಮಿರ್ಚಿಯನ್ನು ನಿರ್ದೋಷಿಯೆಂದು ಬಿಡುಗಡೆ ಮಾಡಿದರು. ಅಪೆಂಡಿಕ್ಸ್ ಒಡೆದು ಒಳಗೆ ಕೀವು ತುಂಬಿತ್ತು.

“ಇವತ್ತೇ ಆಪರೇಷನ್ ಆಗ್ಬೇಕು. ದುರ್ಬೀನ್‌ಲೆ ಅಂದ್ರ ಲ್ಯಾಪ್ರೋಸ್ಕೋಪಿಲೆ ಮಾಡಿದ್ರ ಸಣ್ಣ ಮೂರು ತೂತು, ಗಾಯ ಕೀವಾಗೋದು ಕಡಿಮಿ, ಲಗೂ ಏಳ್ತೀರಿ. ಒಳಗ ಕರುಳು ಬಾಳ ಅಂಟಿದ್ರ ಮಾತ್ರ ಹೊಟ್ಟಿ ತೆರೀಬೇಕಾಗತೈತಿ.”

ವಿರೇಶನಿಗೆ ಕೇಳಿಸಿದ್ದು ‘ಲಗೂ’ ಒಂದೇ. ಅವನು ಭತ್ತ ಕೊಯ್ಯುವ ಮಷಿನ್ನಿನ ಡ್ರೈವರ್. ಹದಿನೈದು ದಿನದಲ್ಲಿ ಜವಳಗೇರಾ ಕಡೆ ಕೊಯ್ಲು ಶುರು. ಸೀಟು ತಪ್ಪಿದರೆ ಸುಗ್ಗಿಯೇ ತಪ್ಪಿದಂತೆ.

“ದುರ್ಬೀನ್‌ಲೇ ಮಾಡ್ರಿ ಮೇಡಂ.”

ಹೊಟ್ಟೆ ಅವನದಾದರೂ ತೀರ್ಮಾನ ಮನೆತನದ್ದು. ಹೆಂಡತಿ ಫೋನ್ ಮಾಡಿದಳು. ಲಿಂಗಸುಗೂರಿನಿಂದ ಸೋದರಮಾವ ಹೊನ್ನೂರಪ್ಪ, ಮಸ್ಕಿಯಿಂದ ಹೆಣ್ಣು ಕೊಟ್ಟ ಅತ್ತೆ ಜಂಬಮ್ಮ ಬಂದು ಇಳಿಯುವವರೆಗೆ ಕೀವು ಕಾಯಬೇಕಾಯಿತು.

“ದುರ್ಬೀನ್ ಅಂದ್ರ ಒಳಗಿಂದೆಲ್ಲಾ ಟಿವ್ಯಾಗ ಕಾಣತೈತಿ,” ಎಂದ ಹೊನ್ನೂರಪ್ಪ. ದನದ ಆಸ್ಪತ್ರೆಯಲ್ಲಿ ಹಗ್ಗ ಹಿಡಿದ ಅನುಭವ ಅವನದು.

“ಟಿವಿ ನೋಡಾಕ ಬಂದೀರೇನ್ರೀ ಬೀಗರ?” ಎಂದಳು ಜಂಬಮ್ಮ. “ಚೀಲದಾಗಿನ ಭತ್ತ ಮುಗ್ಗಿದ್ರ ಬಾಯಿ ಬಿಚ್ಚಿ ಸುರೀತೀರೋ, ತೂತು ಹಾಕಿ ಇಣುಕ್ತೀರೋ?”

“ಅದು ಚೀಲ ಅಲ್ರೀ, ನಿಮ್ಮ ಅಳಿಯ.”

“ಅದಕ್ಕ ಹೇಳಾಕತ್ತೀನಿ.”

ವಾರ್ಡು ಎರಡು ಪಕ್ಷವಾಯಿತು. ಪಕ್ಕದ ಮಂಚದಲ್ಲಿ ಕಾಲು ಮುರಿದು ಮಲಗಿದ್ದವನೂ ಹೊಟ್ಟೆಯ ಬಗ್ಗೆ ಮತ ಚಲಾಯಿಸಿದ. ಸಲಹೆ ಕೊಡದವನು ಜಂಬಮ್ಮನ ಮಗ, ವಿರೇಶನ ಕೈಕೆಳಗೆ ಮಷಿನ್ ಕಲಿತ ಸಿದ್ದರಾಮೇಶ ಒಬ್ಬನೇ. “ಮಾವ, ನಿಮ್ಗ ಹ್ಯಾಂಗ ಬೇಕೋ ಹಂಗ ಮಾಡ್ಸಿಕೊಳ್ರಿ,” ಎಂದು ಕಾಲೊತ್ತುತ್ತಿದ್ದ. ವಿರೇಶನ ಕಣ್ಣು ತುಂಬಿತು.

ಕೊನೆಗೆ ಡಾಕ್ಟರೇ ಬಂದು ಗದರಿ ಪಂಚಾಯಿತಿ ಚದುರಿಸಿದರು. ವಿರೇಶ ದುರ್ಬೀನಿಗೆ ಸಹಿ ಹಾಕಿ, ಉಡದಾರ, ಉಂಗುರ, ಮಷಿನ್ ಚಾವಿಯನ್ನು ಸಿದ್ದರಾಮೇಶನ ಕೈಗಿಟ್ಟು ಒಳಗೆ ಹೋದ.

ಎಚ್ಚರಾದಾಗ ಎರಡೂ ಪಕ್ಷದವರು ಗೆದ್ದ ಮುಖ ಮಾಡಿಕೊಂಡು ನಿಂತಿದ್ದರು. ದುರ್ಬೀನು ಒಳಗೆ ಹೋಗಿ ನೋಡಿತ್ತು. ಅಂಟಿಕೊಂಡ ಕರುಳು ದಾರಿ ಬಿಟ್ಟಿರಲಿಲ್ಲ. ಡಾಕ್ಟರು ಹೊಟ್ಟೆ ತೆರೆದಿದ್ದರು. ಮೂರು ತೂತು, ಮೇಲೊಂದು ಗೇಣುದ್ದದ ಸೀಳು. ಬ್ರೆಡ್ಡು ಹಿಡಿದು ನೋಡಲು ಬಂದವರಿಗೆ ಹೊನ್ನೂರಪ್ಪ ತೂತು ತೋರಿಸಿದ, ಜಂಬಮ್ಮ ಸೀಳು ತೋರಿಸಿದಳು.

“ಈ ಸುಗ್ಗಿ ಮಷಿನ್ ಹತ್ತಂಗಿಲ್ಲ,” ಎಂದರು ಡಾಕ್ಟರು.

ವಿರೇಶ ತನ್ನ ಒಬ್ಬನೇ ಹಿತೈಷಿಯನ್ನು ಹುಡುಕಿದ. “ಸಿದ್ದರಾಮೇಶ ಎಲ್ಲಿ?”

“ಚಾವಿ ಕೊಟ್ಟು ಬರ್ತೀನಂತ ಮಷಿನ್ ಮಾಲಕರ ಹತ್ರ ಹೋಗಿದ್ದ ಅಳಿಯಾ,” ಎಂದಳು ಜಂಬಮ್ಮ ಹೊದಿಕೆ ಸರಿಮಾಡುತ್ತ. “ಈ ಸಲ ನೀನೇ ನಡೆಸು ಅಂದ್ರಂತ. ಚಿಂತಿ ಮಾಡಬ್ಯಾಡ, ಸೀಟು ಮನ್ಯಾಗೇ ಉಳದೈತಿ.”

ವಿರೇಶನಿಗೆ ಎದ್ದು ಕೂಗಾಡಬೇಕೆನಿಸಿತು. ಹೊಲಿಗೆ ಬಿಡಲಿಲ್ಲ.