ಹರಾಜಿನಲ್ಲಿ ಏನನ್ನೂ ಕೊಳ್ಳದ ಅಕ್ಕ

ನನ್ನ ಅಕ್ಕ ಸುಳ್ಳು ಹೇಳಿದಳು. ಸೊರಬದ ಕಚೇರಿ ಅಂಗಳದಲ್ಲಿ, ಹಾಡುಹಗಲು, ಅಷ್ಟು ಜನರ ಮುಂದೆ, ಕಣ್ಣು ಮಿಟುಕಿಸದೆ ಸುಳ್ಳು ಹೇಳಿದಳು. ನಡೆದದ್ದು ಇಷ್ಟೇ. ‘ಪಾಪ, ವಯಸ್ಸಾಯಿತು, ಕಣ್ಣು ಮಂಜು, ಗುರುತು ಸಿಗಲಿಲ್ಲ’ ಎಂದು ನಮ್ಮ ಓಣಿಯವರು ಆಮೇಲೆ ಆಡಿಕೊಂಡದ್ದೆಲ್ಲ ಬರೀ ಮಾತು. ಅವಳ ಕಣ್ಣು ಮಂಜಾಗುವುದೇ! ಸೂಜಿಗೆ ದಾರ ಪೋಣಿಸಲು ನಾನು ಬೆಳಕಿಗೆಂದು ಬಾಗಿಲಿಗೆ ಬರಬೇಕು. ಅವಳು ನನಗಿಂತ ಆರು ವರ್ಷ ದೊಡ್ಡವಳು, ಒಲೆಯ ಹೊಗೆಯಲ್ಲಿ ಕೂತು ಪೋಣಿಸುತ್ತಿದ್ದಳು.

ಸರ್ಕಾರದ ಹರಾಜಿಗೆ ಒಂದನ್ನೂ ತಪ್ಪಿಸದೆ ಹೋಗಿ, ಒಂದು ಸೌಟನ್ನೂ ಕೊಳ್ಳದೆ ಬಂದ ಹೆಂಗಸು ಮೈಸೂರು ಸೀಮೆಯಲ್ಲಿ ಇನ್ನೊಬ್ಬಳಿದ್ದರೆ ಹೇಳಿ, ನಾನು ಶಿಕಾರಿಪುರ ಬಿಟ್ಟು ಹೋಗುತ್ತೇನೆ.

ಅವಳು ಹೋಗುತ್ತಿದ್ದದ್ದು ಬೇವಾರಸು ಮಾಲಿನ ಹರಾಜಿಗೆ. ಬಸ್ಸಿನಲ್ಲಿ ಬಿಟ್ಟದ್ದು, ಛತ್ರದಲ್ಲಿ ಮರೆತದ್ದು, ಕಳ್ಳರು ಬಿಸಾಕಿ ಓಡಿದ್ದು, ಎಲ್ಲೋ ದಾರಿಯಲ್ಲಿ ಸತ್ತವರ ಮೈಮೇಲೆ ಇದ್ದದ್ದು, ಎಲ್ಲವೂ ತಾಲ್ಲೂಕು ಕಚೇರಿಯ ಹಿಂದಿನ ಕೋಣೆಗೆ ಬಂದು ಬೀಳುತ್ತಿತ್ತು. ಒಂದೊಂದಕ್ಕೂ ಒಂದು ಚೀಟಿ. ಪಟ್ಟಿ ಬರೆದು ಕಚೇರಿ ಬೋರ್ಡಿಗೆ ಅಂಟಿಸುತ್ತಿದ್ದರು. ವಾರಸುದಾರರು ಬಂದು ಗುರುತು ಹೇಳಿದರೆ ಸರಿ. ಇಲ್ಲವೆ, ಊರಲ್ಲಿ ಡಂಗುರ ಸಾರಿಸಿ, ಅಂಗಳದಲ್ಲಿ ಹರವಿ, ಮೂರು ಸಲ ಕೂಗಿ ಕೊಟ್ಟುಬಿಡುವುದು. ಮೂರನೇ ಕೂಗು ಆದಮೇಲೆ ನೀವು ಅಲ್ಲಿ ಬಿದ್ದು ಹೊರಳಿದರೂ ಅದು ನಿಮ್ಮದಲ್ಲ.

ಅಕ್ಕ ಅಲ್ಲಿ ಹುಡುಕುತ್ತಿದ್ದದ್ದು ಅವಳ ಗಂಡನನ್ನು.

ರಾಜ್ಯ ಒಂದಾದ ವರ್ಷ, ಊರೆಲ್ಲ ತೋರಣ ಕಟ್ಟಿದ್ದ ವಾರ, ಭಾವ ಎತ್ತು ನೋಡಿಕೊಂಡು ಬರುತ್ತೇನೆಂದು ಸೊರಬದ ಕಡೆ ಹೋದರು. ಎತ್ತೂ ಬರಲಿಲ್ಲ, ಭಾವನೂ ಬರಲಿಲ್ಲ. ಪೊಲೀಸರಿಗೆ ಬರೆದುಕೊಟ್ಟದ್ದಾಯಿತು, ನೆಂಟರ ಮನೆಗಳೆಲ್ಲ ಮುಗಿದವು, ಶಾಸ್ತ್ರ ಕೇಳಿದ್ದಾಯಿತು. ಶಾಸ್ತ್ರದವನು ‘ಉತ್ತರ ದಿಕ್ಕಿನಲ್ಲಿ ಸುಖವಾಗಿದ್ದಾರೆ’ ಎಂದ. ಸುಖವಾಗಿದ್ದರೆ ಒಂದು ಕಾಗದ ಬರೆಯಲಿಕ್ಕೆ ಏನು ಧಾಡಿ? ಮಕ್ಕಳಿಲ್ಲದ ಅಕ್ಕನನ್ನು ನಾನು ನಮ್ಮ ಮನೆಗೆ ಕರೆತಂದೆ. ವರ್ಷ ಕಳೆದ ಮೇಲೆ ನೇರವಾಗಿ ಹೇಳಿದೆ, ಸುತ್ತಿ ಬಳಸಿ ಮಾತಾಡುವುದು ನನಗೆ ಬರುವುದಿಲ್ಲ:

“ಸತ್ತಾರೆ ಅಂತ ಒಪ್ಕೊ. ಒಂದ್ಸಲ ಅತ್ತು ಮುಗಿಸು. ಹಿರಿಯರ ಹಬ್ಬಕ್ಕೆ ಎಡೆ ಇಡಾಣ.”

“ಮೈಮ್ಯಾಲಿನ ಸಾಮಾನು ಒಂದು ತೋರ್ಸು, ಒಪ್ತೀನಿ” ಎಂದಳು. “ಸಾಮಾನು ಸಿಗೋತಂಕ ನನ್ನ ಗಂಡ ಬದುಕ್ಯಾನೆ.”

ಅಂದಿನಿಂದ ಶುರುವಾಯಿತು ನೋಡಿ ಈ ಹರಾಜಿನ ಹುಚ್ಚು!

ನಮ್ಮೂರ ಕಚೇರಿಯ ಜವಾನ ಬಾಗಿಲು ತೆಗೆಯುವ ಮೊದಲೇ ಇವಳು ಮೆಟ್ಟಿಲ ಮೇಲೆ. ಒಂದೊಂದು ಸಾಮಾನನ್ನೂ ಎತ್ತಿ, ತಿರುಗಿಸಿ, ಮೂಸಿ ನೋಡುವಳು. ಹೌದು, ಮೂಸಿ! ಅಲ್ಲಿಗೆ ಎಂಥೆಂಥ ವಸ್ತು ಬರುತ್ತಿದ್ದವು ಅಂತೀರಿ? ಕೊಡೆಗಳಿಗೆ ಲೆಕ್ಕವಿಲ್ಲ. ಒಂಟಿ ಚಪ್ಪಲಿಗಳು: ಒಂದು ಕಾಲಿನದು ಬಿಟ್ಟು ಹೋದವನಿಗೆ ನೆಲ ಚುಚ್ಚಲಿಲ್ಲವೇ? ಒಮ್ಮೆ ಒಂದು ಒರಳು ಬಂದಿತ್ತು. ಕಲ್ಲಿನ ಒರಳು ಸ್ವಾಮಿ! ಬಸ್ಸಿನಲ್ಲಿ ಒರಳು ಮರೆತು ಇಳಿದ ಮಹಾತಾಯಿ ಯಾರೋ? ಇನ್ನೊಮ್ಮೆ ಹೊಸ ಬಾಸಿಂಗ ಒಂದು ಜೊತೆ. ಮದುವೆ ನಿಂತಿತೋ, ಬಾಸಿಂಗವಿಲ್ಲದೆ ಆಯಿತೋ, ಸರ್ಕಾರಕ್ಕೂ ಗೊತ್ತಿಲ್ಲ.

ಕಟ್ಟಿಸಿದ ಹಲ್ಲಿನ ಸೆಟ್ಟು ಬಂದ ದಿನ ಗುಮಾಸ್ತರು ತಮಾಷೆಗೆ ಇವಳ ಮುಂದೆ ಹಿಡಿದರು.

“ಇದನ್ನೊಂದಿಷ್ಟು ನೋಡ್ರಮ್ಮ, ನಿಮ್ಮ ಯಜಮಾನ್ರದೇನೋ.”

“ನಮ್ಮೋರಿಗೆ ಮೂವತ್ತೆರಡೂ ಗಟ್ಟಿ ಅದಾವೆ.”

“ಹೋಗಿ ಎರಡು ವರ್ಷ ಆತಲ್ರಿ. ಉದುರಿರಬೈದು.”

“ಉದುರಾಕೆ ನನ್ನ ರೊಟ್ಟಿ ತಿನ್ನಬೇಕಲ್ಲ! ಎರಡು ವರ್ಷದಿಂದ ಅದು ಎಲ್ಲಿ ಸಿಕ್ಕೈತೆ?”

ಗುಮಾಸ್ತರು ನಕ್ಕರು. ಜವಾನ ನಕ್ಕ. ನಾನೂ ನಕ್ಕೆ, ಸುಳ್ಳೇಕೆ ಹೇಳಲಿ. ಅವಳು ಹಲ್ಲನ್ನು ಸೆರಗಿನಿಂದ ಒರೆಸಿ ಜಾಗದಲ್ಲಿಟ್ಟಳು.

ಕೊಳ್ಳುವವರಿಗೆ ಮಾತ್ರ ಇವಳೊಂದು ಶನಿ. ಯಾರಾದರೂ ಕೊಡೆಗೆ ಸವಾಲು ಕೂಗಿದರೆ, “ಅಣ್ಣಾ, ಅದರ ಮೂರನೇ ಕಡ್ಡಿ ಮುರದೈತೆ” ಎಂದು ಹಿಂದಿನಿಂದ ಇವಳು. ಕೂಗಿದವನು ಹಿಂದೆ ಸರಿಯುವನು. ಶಿರಸ್ತೇದಾರರು ಕೆಂಪಾಗಿ, “ಈಯಮ್ಮನ್ನ ಗೇಟಿನ ಹೊರಗೆ ಹಾಕ್ರೋ!” ಎಂದರು. ಆದರೆ ಹೊರಗೆ ಹಾಕುವ ಮೊದಲೇ ಉಡುತಡಿಯ ಚೊಂಬಿನ ಸಂಗತಿ ನಡೆಯಿತು.

ಹಳೆಯ ಹಿತ್ತಾಳೆ ಚೊಂಬು ಅದು. ಚೀಟಿಯಲ್ಲಿ ‘ಬಸ್ಸಿನಲ್ಲಿ ಸಿಕ್ಕಿದ್ದು’ ಎಂದಷ್ಟೇ ಇತ್ತು. ಅಕ್ಕ ಒಮ್ಮೆ ನೋಡಿದಳು. “ಇದು ಉಡುತಡಿ ಬಸಕ್ಕನ ಮನೇದು. ಬುಡಕ್ಕೆ ಕಲಾಯಿ ಮಾಡೋನು ಎರಡು ಕಡೆ ಬಿಟ್ಟಾನೆ ನೋಡ್ರಿ. ಅವರ ಮನೆ ಮದುವ್ಯಾಗೆ ಇದರಾಗೇ ನನಗೆ ನೀರು ಕೊಟ್ಟಿದ್ರು” ಎಂದಳು. ಮದುವೆ ಆಗಿ ಹನ್ನೆರಡು ವರ್ಷವಾಗಿತ್ತು! ಬಸಕ್ಕನನ್ನು ಕರೆಸಿದರು. ಅವಳು ಚೊಂಬು ನೋಡಿ ಗೊಳೋ ಎಂದಳು. ಅತ್ತೆ ಸಾಯುವಾಗ ಬಾಯಿಗೆ ನೀರು ಬಿಟ್ಟ ಚೊಂಬಂತೆ. ಮುಂದಿನ ಹರಾಜಿಗೆ ಶಿರಸ್ತೇದಾರರೇ ಅಕ್ಕನಿಗೆ ಸ್ಟೂಲು ಹಾಕಿಸಿದರು.

ಒಮ್ಮೆ ನೋಡಿದ್ದನ್ನು ಅವಳ ಕಣ್ಣು ಬಿಡುವುದಿಲ್ಲ. ಇದನ್ನು ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆಂದು ಈಗ ಗೊತ್ತಾಗುತ್ತದೆ.

ಭಾವ ಹೋದದ್ದು ಸೊರಬದ ಕಡೆ. ಹಾಗಾಗಿ ಸೊರಬದ ಹರಾಜೂ ತಪ್ಪುವಂತಿರಲಿಲ್ಲ. ನನಗೋ ಬಸ್ಸು ಹತ್ತಿದರೆ ಹೊಟ್ಟೆ ತೊಳೆಸುತ್ತದೆ. ನಿಂಬೆಹಣ್ಣು ಮೂಗಿಗೆ ಹಿಡಿದು, ಭಾವನನ್ನೂ ಅಕ್ಕನನ್ನೂ ಬಸ್ಸು ಕಂಡುಹಿಡಿದವನನ್ನೂ ಬೈಯುತ್ತ ಕೂರುತ್ತಿದ್ದೆ. “ನೀನು ಯಾಕೆ ಬರ್ತೀಯಾ ಮತ್ತೆ?” ಎನ್ನುವಳು. ಅವಳಿಗೆ ಅಕ್ಷರ ಬಾರದು. ನಾನು ಕೂಲಿಮಠದಲ್ಲಿ ಎರಡು ವರ್ಷ ಮರಳಿನ ಮೇಲೆ ತೀಡಿದವಳು, ಕೂಡಿಸಿ ಕೂಡಿಸಿ ಓದುತ್ತೇನೆ. ಚೀಟಿ ಓದಲಿಕ್ಕೆ ನಾನೇ ಬೇಕು.

ಭಾವ ಹೋದ ಮೂರನೇ ವರ್ಷದ ಬೇಸಿಗೆ. ಸೊರಬದ ಅಂಗಳದಲ್ಲಿ ಬಿಸಿಲು ಸುಡುತ್ತಿತ್ತು, ಜನ ತುಂಬಿದ್ದರು. ಆ ಸಲ ಖಜಾನೆಯಲ್ಲಿ ಕಾದಿಟ್ಟಿದ್ದ ಬೆಳ್ಳಿ ಸಾಮಾನು ಹೊರಗೆ ಬಂದಿತ್ತು. ಬಟ್ಟೆ ಕಂಬಳಿ ಬೇಗ ಮಾರುತ್ತಾರೆ. ಬೆಳ್ಳಿ ಬಂಗಾರಕ್ಕೆ ಸರ್ಕಾರ ಹೆಚ್ಚು ದಿನ ಕಾಯುತ್ತದಂತೆ. ಮನುಷ್ಯರಿಗೆ ಯಾರೂ ಅಷ್ಟು ಕಾಯುವುದಿಲ್ಲ, ನನ್ನ ಅಕ್ಕನೊಬ್ಬಳನ್ನು ಬಿಟ್ಟು.

ಅಲ್ಲಿನ ಗುಮಾಸ್ತರು ಓದಿದರು: “ಬೆಳ್ಳಿ ಕರಡಿಗೆ, ಒಂದು. ಚಂದ್ರಗುತ್ತಿ ಹಾದಿಯಲ್ಲಿ ಸಿಕ್ಕಿದ ಅನಾಮಧೇಯ ಗಂಡಸಿನ ಶವದ ಮೇಲಿದ್ದದ್ದು.”

ಕರಡಿಗೆ ಎಂದರೆ ನಮ್ಮವರು ಲಿಂಗವನ್ನು ಒಳಗಿಟ್ಟು ಕೊರಳಿಗೆ ಕಟ್ಟಿಕೊಳ್ಳುವ ಭರಣಿ. ಉಸಿರಿರುವ ತನಕ ಅದು ಮೈಬಿಟ್ಟು ಇಳಿಯುವುದಿಲ್ಲ. ಮೇಜಿನ ಮೇಲಿದ್ದ ಆ ಗುಂಡು ಕರಡಿಗೆಯನ್ನು ನಾನು ಮಾರು ದೂರದಿಂದಲೇ ಗುರುತಿಸಿದೆ. ಅಕ್ಕನ ಮದುವೆಗೆ ನಮ್ಮಪ್ಪ ಭಾವನಿಗೆ ಮಾಡಿಸಿಕೊಟ್ಟದ್ದು. ಮುಚ್ಚಳದ ಬೆಳ್ಳಿ ಮೊಳೆ ಬಿದ್ದುಹೋದಾಗ ಭಾವ ಲಿಂಗವನ್ನು ಬಟ್ಟೆಯಲ್ಲಿ ಕೊರಳಿಗೆ ಕಟ್ಟಿಕೊಂಡಿದ್ದರು, ಅಕ್ಕಸಾಲಿಗನ ಮುಂದೆ ನಾನೇ ಕೂತು ತಾಮ್ರದ ಮೊಳೆ ಬಡಿಸಿಕೊಂಡು ಬಂದಿದ್ದೆ. ಆ ಕೆಂಪು ಮೊಳೆ ಬಿಸಿಲಿಗೆ ಮಿಣುಗುತ್ತಿತ್ತು.

“ಒಳಗಿನ ಲಿಂಗ ಎಲ್ಲೈತ್ರಿ?” ಎಂದು ಗುಂಪಿನಲ್ಲಿದ್ದ ಹಿರಿಯರೊಬ್ಬರು ಕೇಳಿದರು.

ಗುಮಾಸ್ತರು ಕಾಗದ ತಿರುವಿದರು. “ಆ ಹಳ್ಳಿಯವರೇ ಅಂಗೈಲಿ ಲಿಂಗ ಇಟ್ಟು ಮಣ್ಣು ಮಾಡಿದಾರೆ. ಕರಡಿಗೆ ಪೊಲೀಸ್ರಿಗೆ ಒಪ್ಪಿಸಿದಾರೆ ಅಂತ ಬರೆದಿದೆ.”

ಯಾರೋ ಗುರುತಿಲ್ಲದ ಜನ, ನಮ್ಮ ಭಾವನಿಗೆ ನಾವು ಮಾಡಬೇಕಾದ್ದನ್ನು ಮಾಡಿ, ಬೆಳ್ಳಿಯನ್ನೂ ಮುಟ್ಟದೆ ಸರ್ಕಾರಕ್ಕೆ ಕೊಟ್ಟಿದ್ದರು.

ಅಕ್ಕ ಹತ್ತಿರ ಹೋದಳು. ಎತ್ತಿದಳು. ಮುಚ್ಚಳ ತೆಗೆದಳು, ಖಾಲಿ. ಮುಚ್ಚಿದಳು. ಅವಳ ಹೆಬ್ಬೆರಳು ತಾಮ್ರದ ಮೊಳೆಯ ಮೇಲೆ ಒಮ್ಮೆ ಓಡಾಡಿತು. ಒರಳನ್ನೂ ಬಿಡದೆ ಮೂಸಿದವಳು ಇದನ್ನು ಮೂಸಲಿಲ್ಲ.

“ನಮ್ಮದಲ್ಲ” ಎಂದಳು.

“ಸರಿಯಾಗಿ ನೋಡಿ ಅಮ್ಮ” ಎಂದರು ಗುಮಾಸ್ತರು. ನಮ್ಮೂರ ಗುಮಾಸ್ತರ ಹಾಗೆ ಇವರ ದನಿಯಲ್ಲಿ ತಮಾಷೆ ಇರಲಿಲ್ಲ. “ನಿಮ್ಮದಾದ್ರೆ ಈಗಲೇ ಕೊಡ್ತೀವಿ. ಆಮೇಲೆ ಬರಲ್ಲ.”

“ನೋಡೀನ್ರಿ. ನಮ್ಮೋರ್ದು ಇದಕ್ಕಿಂತ ದೊಡ್ದು. ಕೂಗ್ರಿ ನೀವು.”

ಹಿಂದೆ ಬಂದು ನಿಂತು ನನ್ನ ಮೊಣಕೈ ಹಿಡಿದಳು. ಒಂದನೇ ಕೂಗು. ಉಗುರು ಇಳಿಯಿತು. ಎರಡನೇ ಕೂಗು. ನಾನು ಹುಟ್ಟಿದಾಗಿನಿಂದ ಬಾಯಿಗೆ ಬಂದದ್ದನ್ನು ನುಂಗಿದ್ದು ಅದೇ ಮೊದಲು. ಮೂರನೇ ಕೂಗು. ಶಿರಾಳಕೊಪ್ಪದ ಬೆಳ್ಳಿ ವ್ಯಾಪಾರಿಯೊಬ್ಬ ಅದನ್ನು ಅಂಗೈಯಲ್ಲಿ ತೂಗಿ ನೋಡಿ ಚೀಲಕ್ಕೆ ಹಾಕಿಕೊಂಡ. ಕರಗಿಸಿ ಯಾವುದೋ ಮಗುವಿನ ಕಾಲಿಗೆ ಕಡಗ ಮಾಡಿರಬೇಕು.

ಬಸ್ಸಿನಲ್ಲಿ ಅವಳು ಕಿಟಕಿಗೆ ಮುಖ ಮಾಡಿ ಕೂತಳು. ನನಗೆ ಹೊಟ್ಟೆ ತೊಳೆಸಲೂ ಇಲ್ಲ. ಬೈಯಲಿಕ್ಕೆ ಯಾರೂ ಸಿಗಲಿಲ್ಲ. ಶಿಕಾರಿಪುರದ ಕೆರೆ ಕಾಣುವಾಗ, “ನನ್ನ ತಾವ ಏನೂ ಕೇಳಬ್ಯಾಡ” ಎಂದಳು.

ಮರುದಿನ ಬೆಳಿಗ್ಗೆ ಅವಳು ಹಾಸಿಗೆ ಬಿಟ್ಟು ಏಳಲಿಲ್ಲ. ಇಷ್ಟು ಕಾಲ, ದಿನ ತಪ್ಪದೆ, ಹಾಲು ಕರೆಯುವ ಮೊದಲೇ ನನ್ನನ್ನು ತಿವಿದು ಎಬ್ಬಿಸಿ, ‘ಕಚೇರಿ ಬೋರ್ಡು ಓದು ಬಾ’ ಎಂದು ಎಳೆದೊಯ್ಯುತ್ತಿದ್ದವಳು! ಬಿಸಿಲು ಅಂಗಳಕ್ಕೆ ಬಂತು, ರೊಟ್ಟಿ ಬೇಯಿಸಿದ್ದಾಯಿತು. ಅವಳು ಗೋಡೆ ನೋಡುತ್ತ ಮಲಗಿದ್ದಳು. ಸಾಮಾನು ಸಿಕ್ಕರೆ ಒಪ್ಪುತ್ತೇನೆ ಎಂದವಳಲ್ಲವೇ? ಬಾಯಿ ಇಲ್ಲ ಎಂದಿತ್ತು. ಮೈ ಆಗಲೇ ಒಪ್ಪಿಕೊಳ್ಳುತ್ತಿತ್ತು.

ನಾನು ಹೊದಿಕೆ ಕಿತ್ತೆ.

“ಏಳು ಮ್ಯಾಲೆ. ಬೋರ್ಡಿಗೆ ಹೊಸ ಪಟ್ಟಿ ಹಚ್ಚಿರ್ತಾರೆ.”

“ನೀನಾ ಕರೆಯಾಕಿ?” ಎಂದಳು.

“ಮತ್ಯಾರು, ಅಮಲ್ದಾರ್ರು ಬಂದು ಕರೀಬೇಕಾ ನಿನ್ನ? ಮುಖ ತೊಳಿ.”

ತೊಳೆದಳು. ಕುಂಕುಮ ಇಟ್ಟಳೋ ಇಲ್ಲವೋ ಎಂದು ನಾನು ತಿರುಗಿ ನೋಡಲಿಲ್ಲ, ಮುಂದೆ ನಡೆದೆ. ಕಚೇರಿಯಲ್ಲಿ ಇನ್ನೂ ಯಾರೂ ಬಂದಿರಲಿಲ್ಲ. ಬೋರ್ಡಿನ ಮೇಲೆ ಇದ್ದದ್ದು ಒಂದೇ ಕಾಗದ: ದನಗಳಿಗೆ ರೋಗ ಬಂದಿದೆ, ಸೂಜಿ ಹಾಕಿಸಿ ಎಂದು. ಅಕ್ಕ ನನ್ನ ಪಕ್ಕ ನಿಂತು ಆ ಅಕ್ಷರಗಳನ್ನೇ ನೋಡಿದಳು.

ನಾನು ಬೆರಳಿಟ್ಟು ಓದಿದೆ. “ಹಿತ್ತಾಳೆ ತಂಬಿಗೆ, ಒಂದು. ಕರೀ ಕಂಬಳಿ, ಒಂದು. ಗಂಡಸರ ಚಪ್ಪಲಿ…”

“ಜೋಡಿನಾ, ಒಂಟಿನಾ?”

“ಜೋಡಿ.”

“ಅಟ್ಟೆ ಸವದೈತಾ?”

“ಅದನ್ನ ಬರದಿಲ್ಲ. ಹರಾಜಿನ ದಿನ ಬಂದು ನೋಡಬೇಕು.”

ಅವಳು ಸೆರಗು ಸರಿಮಾಡಿಕೊಂಡು, “ಇನ್ನೊಂದ್ಸಲ ಓದು” ಎಂದಳು.

ಓದಿದೆ. ಈ ಸಲ ಒಂದು ಕೊಡೆಯನ್ನೂ ಸೇರಿಸಿದೆ.