ಶೇಕರ್ ಮಿಷನ್ನಿಗೆ ಆಯುಧಪೂಜೆ

ಕಣ್ಣಿಗೆ ಕಾಣದ ಜೀವಿಗಳನ್ನು ಸಾಕುವ ಕೆಲಸಕ್ಕೆ ಸೇರಿದ ಮೇಲೆ ನಗುವುದಕ್ಕೆ ನಾನು ಬೇರೆಲ್ಲೂ ಹೋಗಬೇಕಾಗಿ ಬರಲಿಲ್ಲ. ಎಂಬತ್ತರ ದಶಕದ ಆರಂಭ, ತುಮಕೂರಿನ ಒಂದು ಸಣ್ಣ ಲ್ಯಾಬು. ಕಡಲೆಕಾಯಿ ಬೀಜಕ್ಕೆ ಹಚ್ಚುವ ಬ್ಯಾಕ್ಟೀರಿಯಾ ಬೆಳೆಸಿ ರೈತರಿಗೆ ಕೊಡುತ್ತಿದ್ದೆವು. ಉಪ್ಪಾರಹಳ್ಳಿಯಿಂದ ನಡೆದೇ ಹೋಗುತ್ತಿದ್ದೆ. ಕೆಲಸ ಟೆಂಪೊರರಿ, ಗತ್ತು ಮಾತ್ರ ಪರ್ಮನೆಂಟು.

೧. ಬೆಣ್ಣೆ

ಗಾಜಿನ ಫ್ಲಾಸ್ಕಿನಲ್ಲಿ ಬ್ಯಾಕ್ಟೀರಿಯಾಗೆ ಬೇಕಾದ ಸಾರು ಹಾಕಿ, ಅದಕ್ಕೆ ತುಸು ಬ್ಯಾಕ್ಟೀರಿಯಾ ಬಿಟ್ಟು, ಬೇರೆ ಹುಳ ಒಳಗೆ ಹೋಗದಂತೆ ಬಾಯಿಗೆ ಶುದ್ಧ ಹತ್ತಿ ಗಿಡಿದು ಶೇಕರ್ ಮಿಷನ್ ಮೇಲೆ ಕೂರಿಸಬೇಕು. ಒಳಗಿನವಕ್ಕೆ ಗಾಳಿ ಸಿಗಲಿ ಎಂದು ಅದು ಮೂರು ದಿನ ಬಿಡದೆ ಕುಲುಕುತ್ತದೆ. ಕೊತ್ತಗೆರೆಯಿಂದ ಹೊಸದಾಗಿ ಬಂದ ಅಟೆಂಡರ್ ಐವತ್ತು ದಾಟಿದವರು. ಮೂರು ದಿನವೂ ಕೈಕಟ್ಟಿ ನಿಂತು ನೋಡಿದರು. ಸಾರು ಬೆಳ್ಳಗಾಯಿತು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರು: "ಮೇಡಂ, ಹಾಲ್ ಕೊಡೋನ್ನ ಬದಲಾಯ್ಸಿ. ಮೂರ್ ದಿನ ಕಡೆದ್ರೂ ಒಂದ್ ಚೂರು ಬೆಣ್ಣೆ ಬಂದಿಲ್ಲ."

೨. ಕರೆಂಟು

ಕರೆಂಟು ಹೋದರೆ ಶೇಕರ್ ನಿಲ್ಲುತ್ತಿತ್ತು. ಆಗ ನಮ್ಮ ಆಫೀಸರೂ ಸೇರಿ ಎಲ್ಲರೂ ಸಾಲಾಗಿ ನಿಂತು, ಎರಡೂ ಕೈಯಲ್ಲಿ ಫ್ಲಾಸ್ಕ್ ಹಿಡಿದು ಕುಲುಕಬೇಕು. ಒಂದು ದಿನ ಹೀಗೆ ಕುಲುಕುತ್ತಿರುವಾಗ ಗುಬ್ಬಿಯ ರೈತರೊಬ್ಬರು ಬಾಗಿಲಿಗೆ ಬಂದರು. ಅಲ್ಲೇ ನಿಂತು ನೋಡಿದರು. ಕರೆಂಟು ಬಂತು, ನಾವು ನಿಂತೆವು. ಅವರು ಆಫೀಸರ ಹತ್ತಿರ ಬಂದು ಕೇಳಿದರು: "ಸ್ವಾಮಿ, ನಮ್ಕಡೆ ಕರೆಂಟ್ ಹೋದ್ರೆ ಎಲ್ಲಾ ನಿಂತೋಯ್ತವೆ. ನೀವ್ಯಾಕೆ ಶುರುವಾಗ್ತೀರ?"

೩. ಹೂವು

ದಸರೆಗೆ ಮುಂಚೆ ಆಫೀಸರು ನನ್ನನ್ನು ಕರೆದು, "ನೋಡಮ್ಮ, ಹಬ್ಬ ಮುಗಿದ ಬೆಳಿಗ್ಗೇನೇ ಬೆಂಗಳೂರಿಂದ ಸಾಹೇಬ್ರು ಬರ್ತಾರೆ. ಈ ಹನ್ನೆರಡು ಫ್ಲಾಸ್ಕೂ ನಿಂದೇ ಜವಾಬ್ದಾರಿ. ಅವು ಚೆನ್ನಾಗಿದ್ರೆ ನಿನ್ನ ಪರ್ಮನೆಂಟ್ ಮಾಡೋಕೆ ಬರೀತಾರೆ, ಇಲ್ದಿದ್ರೆ ನಾನೇನೂ ಮಾಡಕ್ಕಾಗಲ್ಲ" ಎಂದರು. ನಾನು ಫ್ಲಾಸ್ಕುಗಳನ್ನು ಶೇಕರಿಗೆ ಕೂರಿಸಿ, ಜೋಪಾನ ಎಂದು ಅಟೆಂಡರಿಗೆ ನೂರು ಸಲ ಹೇಳಿ, ಹಬ್ಬಕ್ಕೆ ಊರ್ಡಿಗೆರೆಗೆ ಅಮ್ಮನ ಮನೆಗೆ ಹೋದೆ.

ವಾಪಸು ಬಂದು ನೋಡಿದರೆ ಶೇಕರಿಗೆ ಹಾರ, ಕುಂಕುಮ. ಫ್ಲಾಸ್ಕುಗಳ ಬಾಯಲ್ಲಿ ಹತ್ತಿಯಿಲ್ಲ, ಚೆಂಡುಹೂವು. ಸಾರು ಹುಳಿ ವಾಸನೆ ಹೊಡೆಯುತ್ತಿತ್ತು.

"ಹತ್ತಿ ಎಲ್ಲಣ್ಣ?"

ಅಟೆಂಡರ್ ಸಾಲು ಹಣತೆ ತೋರಿಸಿದರು. "ಬತ್ತಿ ಹೊಸೆದ್ಬಿಟ್ಟೆ. ಆ ಹತ್ತಿಯಷ್ಟು ಶುದ್ಧ ಯಾವ್ದೂ ಇಲ್ಲ, ಯಾರೂ ಮುಟ್ಬೇಡಿ ಅಂತ ನೀವೇ ಹೇಳ್ತಿದ್ರಲ್ಲ. ಅಂಗ್ಡಿ ಹತ್ತಿ ದೇವ್ರಿಗೆ ಹಾಕಕ್ಕೆ ಮನಸ್ಸು ಬರ್ಲಿಲ್ಲ."

ಅಳು ಬಂತು. ಅಷ್ಟರಲ್ಲಿ ಸಾಹೇಬರ ಜೀಪೂ ಬಂತು. ಮುಚ್ಚಿಡುವ ಹಾಗಿರಲಿಲ್ಲ, ಇದ್ದದ್ದು ಇದ್ದ ಹಾಗೆ ಹೇಳಿದೆ. ಸಾಹೇಬರು ಒಂದೊಂದೇ ಫ್ಲಾಸ್ಕ್ ಎತ್ತಿ ಮೂಸಿ ಮುಖ ಕಿವುಚಿದರು. ಗೋಡೆ ಕಡೆಯ ಮೂಲೆಯ ಒಂದರಲ್ಲಿ ಮಾತ್ರ ನಾನು ಗಿಡಿದ ಹತ್ತಿ ಹಾಗೇ ಇತ್ತು.

"ಇದನ್ಯಾಕೆ ಬಿಟ್ರಿ?"

"ಕೈ ಎಟುಕ್ಲಿಲ್ಲ ಸಾರ್" ಎಂದರು ಅಟೆಂಡರ್, ತಪ್ಪೊಪ್ಪಿಕೊಳ್ಳುವವರಂತೆ.

ಸಾಹೇಬರು ಅದನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದರು. ಬೇಕಾದ ಬ್ಯಾಕ್ಟೀರಿಯಾ ಬಿಟ್ಟರೆ ಬೇರೊಂದು ಹುಳವೂ ಇರಲಿಲ್ಲ. "ಹತ್ತಿ ಇರೋದು ಶುದ್ಧವಾಗಿದೆ, ಹೂವಿಟ್ಟಿದ್ದೆಲ್ಲ ಕೆಟ್ಟಿದೆ. ಈಕೆ ಕೆಲಸ ಸರಿಯಾಗೇ ಇದೆಯಲ್ರೀ" ಎಂದು ನಮ್ಮ ಆಫೀಸರಿಗೆ ಹೇಳಿ, ಅಲ್ಲೇ ಬರೆದುಕೊಂಡರು.

ಆರ್ಡರ್ ಬಂದ ದಿನ ಖುಷಿಗೆ ಎಲ್ಲರಿಗೂ ಸಿಹಿ ಹಂಚಿದೆ. ಅಟೆಂಡರ್ ಎರಡು ತಿಂದು, ಬೇಸರದಿಂದ ತಲೆಯಾಡಿಸಿದರು.

"ಹನ್ನೊಂದ್ ದೀಪಕ್ಕೇ ಪರ್ಮನೆಂಟ್ ಆಯ್ತು ನೋಡಿ ಮೇಡಂ. ಆ ಮೂಲೇದೂ ಕೈಗೆ ಸಿಕ್ಕಿದ್ರೆ ಪ್ರಮೋಷನ್ನೇ ಬಂದಿರೋದು."